ಕೈಗೆ ಸಿಗುವ ಬಿರುಕು

ಹಳೇ ಕಾರು ಇಟ್ಟುಕೊಂಡವರನ್ನು ಜನ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಎಷ್ಟು ಮೈಲೇಜ್ ಕೊಡುತ್ತೆ? ಪಾರ್ಟ್ಸ್ ಸಿಗುತ್ತಾ? ಮಾರ್ತೀರಾ? ಎಂಜಿನ್ ಬಗ್ಗೆ ಕೇಳುತ್ತಾರೆ, ಬಣ್ಣದ ಬಗ್ಗೆ ಕೇಳುತ್ತಾರೆ, ಬಂಪರ್ ಮೇಲಿನ ಕ್ರೋಮ್ ಮುಟ್ಟಿ ನೋಡುತ್ತಾರೆ. ಸ್ಟೇರಿಂಗ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹೊರಗೆ ನಿಂತವರ ಕಣ್ಣಿಗೆ ಅದು ಬೀಳುವುದೇ ಕಡಿಮೆ. ಓಡಿಸುವವನಿಗೆ ಮಾತ್ರ ಇಡೀ ಕಾರಿನಲ್ಲಿ ಅದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ನಮ್ಮ ಮನೆಯದು ಫಿಯೆಟ್ 1100 ಡಿಲೈಟ್. ದೊಡ್ಡಪ್ಪ ಕೊಂಡದ್ದು. ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈಯ ಕುರ್ಲಾ ಕಾರ್ಖಾನೆಯಿಂದ 1964ರಲ್ಲಿ ಹೊರತಂದ ಮಾಡೆಲ್. ಇದೇ ಕಾರಿಗೆ ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಹೆಸರಿಟ್ಟರು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಮಾಡಿದರು. ಪದ್ಮಿನಿ ಅಂದರೆ ಈಗಿನವರಿಗೂ ಗೊತ್ತು. ಡಿಲೈಟ್ ಅಂದರೆ ಅರವತ್ತು ದಾಟಿದವರ ಮುಖ ಅರಳುತ್ತದೆ. 1089 ಸಿಸಿ ಎಂಜಿನ್, ಸ್ಟೇರಿಂಗ್ ಕಾಲಮ್ ಮೇಲೇ ಗೇರ್ ಲಿವರ್. ನಮ್ಮ ಕಾರಿನ ಸ್ಟೇರಿಂಗ್ ದಂತದ ಬಣ್ಣದ್ದು. ಎರಡು ಸ್ಪೋಕ್, ಕ್ರೋಮಿನ ಅರ್ಧ ಹಾರ್ನ್ ರಿಂಗ್.

ಆ ಕಾಲದಲ್ಲಿ ದುಡ್ಡಿದ್ದರೂ ಕಾರು ಕೈಗೆ ಸಿಗುತ್ತಿರಲಿಲ್ಲ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೊಂಡ ಫಿಯೆಟ್ ಬೆಲೆ 12,000 ರೂಪಾಯಿ. ಅದಕ್ಕೆ ಅವರು ಬ್ಯಾಂಕಿನಲ್ಲಿ 5,000 ಸಾಲ ಮಾಡಿದ್ದರು. ಪ್ರಧಾನಿಗೇ ಸಾಲ ಅಂದಮೇಲೆ ನಮ್ಮಂಥವರ ಮನೆಯಲ್ಲಿ ಕಾರಿನ ಯಾವ ಭಾಗವನ್ನೂ ಸುಲಭಕ್ಕೆ ಎಸೆಯುತ್ತಿರಲಿಲ್ಲ. ಸವೆದರೆ ಬುಷ್ ಹಾಕಿಸುತ್ತಿದ್ದರು, ಮುರಿದರೆ ವೆಲ್ಡಿಂಗ್ ಮಾಡಿಸುತ್ತಿದ್ದರು. ಸ್ಟೇರಿಂಗ್ ಬಿರುಕು ಬಿಟ್ಟರೆ ಕವರ್ ಹಾಕುತ್ತಿದ್ದರು.

ಈ ಕವರ್ ಅನ್ನುವುದು ನಮ್ಮ ದೇಶದ ದೊಡ್ಡ ಔಷಧಿ. ಹೊಸ ಕಾರಿನ ಸೀಟಿಗೂ ಕವರ್, ರಿಮೋಟಿಗೂ ಕವರ್, ಸ್ಟೇರಿಂಗಿಗೂ ಕವರ್. ಲಾರಿಯವರಾದರೆ ಬಣ್ಣಬಣ್ಣದ ಪ್ಲಾಸ್ಟಿಕ್ ವೈರ್ ಸುತ್ತುತ್ತಾರೆ, ಅದರಲ್ಲೊಂದು ಅಂದ ಉಂಟು. ನಮ್ಮದಕ್ಕೆ ಯಾವುದೋ ಕಾಲದಲ್ಲಿ ಕಪ್ಪು ರೆಕ್ಸಿನ್ ಹೊಲಿದಿದ್ದರು. ಅದರ ಒಳಗೆ ಸ್ಪಂಜು. ನಾನು ಬ್ಲೇಡ್ ಹಾಕಿ ಹೊಲಿಗೆ ಬಿಚ್ಚಿದಾಗ ಸ್ಪಂಜು ಹಳದಿ ಹಿಟ್ಟಾಗಿ ತೊಡೆಯ ಮೇಲೆ ಉದುರಿತು. ಹಿಟ್ಟಿನ ಕೆಳಗೆ ಅಂಟು, ಅಂಟಿನ ಕೆಳಗೆ ಜಿಡ್ಡು, ಜಿಡ್ಡಿನ ಕೆಳಗೆ ಬಿರುಕುಗಳು. ಕೆಲವು ಕೂದಲೆಳೆಯಷ್ಟು. ಸ್ಪೋಕ್ ಸೇರುವ ಜಾಗದಲ್ಲಿದ್ದವು ಉಗುರು ತೂರುವಷ್ಟು ಅಗಲ, ಒಳಗಿನ ಉಕ್ಕಿನ ಕಂದು ತುಕ್ಕು ಕಾಣುವಷ್ಟು ಆಳ.

ಈ ಅಗಲದ ಬಿರುಕುಗಳು ಬರೀ ನೋಡಲು ಕೆಟ್ಟವಲ್ಲ. ಇವಕ್ಕೆ ಹಲ್ಲಿದೆ. ಈ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಎರಡು ಕೈಯಲ್ಲೂ ಎಳೆದು ತಿರುಗಿಸಬೇಕು. ಎಳೆದಾಗ ಸ್ಟೇರಿಂಗಿನ ರಿಮ್ ಅಷ್ಟಿಷ್ಟು ಬಾಗುತ್ತದೆ, ಬಿರುಕು ಬಾಯಿ ತೆರೆಯುತ್ತದೆ. ಹಿಡಿತ ಸಡಿಲ ಮಾಡಿದರೆ ಬಾಯಿ ಮುಚ್ಚುತ್ತದೆ, ಅಂಗೈ ಚರ್ಮವನ್ನು ಕಚ್ಚಿಕೊಂಡೇ ಮುಚ್ಚುತ್ತದೆ. ಕವರ್ ತೆಗೆದ ಮೇಲೆ ಘಾಟಿ ಹತ್ತಿಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಬಿರುಕು ಬರುವುದಾದರೂ ಯಾಕೆ? "ಹಳೇದಾಯ್ತಲ್ಲ, ಅದಕ್ಕೆ" ಅನ್ನುತ್ತಾರೆ. ಅದು ಉತ್ತರವೇ ಅಲ್ಲ. ಅದೇ ವಯಸ್ಸಿನ ಬಾಗಿಲ ಹಿಡಿಕೆ ಬಿರುಕು ಬಿಟ್ಟಿಲ್ಲ. ಸ್ಟೇರಿಂಗ್ ಒಳಗೆ ಇರುವುದು ಉಕ್ಕಿನ ಬಳೆ. ಅದರ ಸುತ್ತ ಗಟ್ಟಿ ಪ್ಲಾಸ್ಟಿಕ್ಕಿನ ಎರಕ. ಬಿಸಿಯಾದರೆ ಎರಡೂ ಹಿಗ್ಗುತ್ತವೆ, ಆದರೆ ಒಂದೇ ಸಮನಾಗಿ ಅಲ್ಲ. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಗಾಜಿನ ಹಿಂದೆ ಇರುವ ವಸ್ತುಗಳು 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಏನೂ ದೊಡ್ಡದಲ್ಲ. ರಾತ್ರಿ ಅವೇ 20ಕ್ಕೆ ಇಳಿಯುತ್ತವೆ. ಅಂದರೆ 40 ಡಿಗ್ರಿ ವ್ಯತ್ಯಾಸ. 40 ಸೆಂಟಿಮೀಟರ್ ಅಗಲದ ಸ್ಟೇರಿಂಗ್ ಅಂದುಕೊಳ್ಳಿ, ಅದರ ಸುತ್ತಳತೆ ಸುಮಾರು 125 ಸೆಂಟಿಮೀಟರ್. ಅಷ್ಟು ಉದ್ದದ ಉಕ್ಕು ಆ ಬಿಸಿಗೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಬೆಳೆಯುತ್ತದೆ. ಆ ಕಾಲದ ಪ್ಲಾಸ್ಟಿಕ್ಕನ್ನು ಅದರ ಪಾಡಿಗೆ ಬಿಟ್ಟರೆ 5 ಮಿಲಿಮೀಟರ್ ಹತ್ತಿರ ಬೆಳೆಯುತ್ತದೆ.

ಹಿಗ್ಗುವಾಗ ತೊಂದರೆ ಇಲ್ಲ. ಕಷ್ಟ ಇರುವುದು ಕುಗ್ಗುವಾಗ. ರಾತ್ರಿ ತಣ್ಣಗಾದಂತೆ ಪ್ಲಾಸ್ಟಿಕ್ ಚಿಕ್ಕದಾಗಲು ನೋಡುತ್ತದೆ, ಒಳಗಿನ ಉಕ್ಕು ಬಿಡುವುದಿಲ್ಲ. ದಿನಾ ಇದೇ ಜಗ್ಗಾಟ. ಹೊಸದಿದ್ದಾಗ ಪ್ಲಾಸ್ಟಿಕ್ಕಿಗೆ ಬಳುಕುವ ಗುಣ ಇರುತ್ತದೆ, ತಡೆದುಕೊಳ್ಳುತ್ತದೆ. ಮೆದುವಾಗಿರಲಿ ಅಂತ ಬೆರೆಸಿದ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಆರಿಹೋಗುತ್ತದೆ. ಅದು ಆರಿದಷ್ಟೂ ಪ್ಲಾಸ್ಟಿಕ್ ಕುಗ್ಗುತ್ತದೆ, ಬೆಳಕು ಬಿದ್ದು ಪೆಡಸಾಗುತ್ತದೆ. ಒಂದು ದಿನ ತಡೆಯಲಾಗದೆ ಸೀಳುತ್ತದೆ. ಸೀಳಿದ ಜಾಗದಿಂದ ಕೈ ಬೆವರು ಒಳಗೆ ಇಳಿಯುತ್ತದೆ. ಉಕ್ಕಿಗೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಒಳಗಿನಿಂದ ತಳ್ಳುತ್ತದೆ. ಹೀಗೆ ಸಣ್ಣ ಬಿರುಕು ದೊಡ್ಡದಾಗುತ್ತದೆ.

ನಮ್ಮದರಲ್ಲಿ ಮೇಲಿನ ಅರ್ಧವೇ ಹೆಚ್ಚು ಕೆಟ್ಟಿತ್ತು. ಚಕ್ರ ನೇರ ಮಾಡಿ ನಿಲ್ಲಿಸುವ ಅಭ್ಯಾಸ ದೊಡ್ಡಪ್ಪನದು. ಹಾಗಾಗಿ ಗಾಜಿನ ಹತ್ತಿರ ಯಾವಾಗಲೂ ಅದೇ ಭಾಗ, ಬಿಸಿಲೂ ಅದಕ್ಕೇ. ಶಿಸ್ತಿನ ಮನುಷ್ಯನಿಗೆ ಹೀಗೂ ಒಂದು ದಂಡ!

ವಸ್ತು ಯಾವುದು ಅಂತ ತಿಳಿಯಲು ಒಂದು ಹಳೇ ಉಪಾಯ ಇದೆ, ಮೂಗು. ಶುರುವಿನ ಕಾರುಗಳಲ್ಲಿ ಮರದ ಸ್ಟೇರಿಂಗ್ ಇತ್ತು. ಆಮೇಲೆ ಗಂಧಕ ಜಾಸ್ತಿ ಸೇರಿಸಿ ಗಟ್ಟಿ ಮಾಡಿದ ರಬ್ಬರ್ ಬಂತು, ಎಬೊನೈಟ್. ಅದು ಕಪ್ಪು. ಮುಂದೆ ಹತ್ತಿ, ಮರದ ತಿರುಳಿನ ಸೆಲ್ಯುಲೋಸ್‌ನಿಂದ ಮಾಡಿದ ಪ್ಲಾಸ್ಟಿಕ್‌ಗಳು ಬಂದವು, ಅವಕ್ಕೆ ಬೇಕಾದ ಬಣ್ಣ ಕೊಡಬಹುದಿತ್ತು. ಹಿಂಭಾಗದಲ್ಲಿ ಕಾಣದ ಕಡೆ ಅರದಿಂದ ಉಜ್ಜಿ ಮೂಸಿ ನೋಡಿ. ಗಂಧಕ ನಾರಿದರೆ ಗಟ್ಟಿ ರಬ್ಬರ್. ವಿನೆಗರಿನ ಹುಳಿ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟ್, ಅದೂ ಒಳಗಿಂದಲೇ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅಂಥದ್ದರ ಬಿರುಕಿಗೆ ಪುಟ್ಟಿ ತುಂಬಿಸಿ ಪ್ರಯೋಜನ ಕಡಿಮೆ, ಪಕ್ಕದಲ್ಲೇ ಇನ್ನೊಂದು ಕಡೆ ಪುಡಿಯಾಗುತ್ತದೆ. ನಮ್ಮದರಲ್ಲಿ ಎರಡೂ ವಾಸನೆ ಇರಲಿಲ್ಲ. ಧೈರ್ಯ ಬಂತು.

ಬೇರೆ ಸ್ಟೇರಿಂಗ್ ಹಾಕಿಬಿಡಬಹುದಿತ್ತಲ್ವಾ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಕೇಳಿದೆ. "ಪದ್ಮಿನಿದು ಕೊಡ್ತೀನಿ, ಕೂರುತ್ತೆ" ಅಂದರು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳು ಒಂದೊಂದಾಗಿ ಗುಜರಿ ಸೇರಿ 2023ರ ಅಕ್ಟೋಬರಿಗೆ ಕೊನೆಯದೂ ರಸ್ತೆ ಬಿಟ್ಟಿತು. ಅವುಗಳ ಸಾಮಾನು ಇನ್ನೂ ಎಲ್ಲೆಲ್ಲೋ ತಿರುಗುತ್ತಿದೆ. ಆದರೆ ನನಗೆ ತೋರಿಸಿದ್ದು ಕಪ್ಪು ಬಣ್ಣದ, ದಪ್ಪ ಹಿಡಿತದ ಸ್ಟೇರಿಂಗ್. ಡಿಲೈಟ್‌ನ ತೆಳು ರಿಮ್ ಹಿಡಿದು ಬೆಳೆದ ಕೈಗೆ ಅದು ಒಗ್ಗಲಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು ಪುಣ್ಯವಂತರು, ಹಳೇ ನಮೂನೆಯಲ್ಲೇ ಹೊಸದಾಗಿ ಮಾಡಿದ ದಂತದ ಬಣ್ಣದ ಸ್ಟೇರಿಂಗ್ ಅವರಿಗೆ ವಿದೇಶದಿಂದ ಸಿಗುತ್ತದೆ.

ಚರ್ಮ ಹೊಲಿಸುವುದು ಇನ್ನೊಂದು ದಾರಿ. ಚೆನ್ನಾಗಿ ಮಾಡಿದರೆ ಸೊಗಸಾಗಿರುತ್ತದೆ. ಆದರೆ ಅದೂ ಕವರೇ. ಒಳಗಿನ ಬಿರುಕು ಹಾಗೇ ಇರುತ್ತದೆ, ಬೆವರು ಇನ್ನೂ ಚೆನ್ನಾಗಿ ನಿಲ್ಲುತ್ತದೆ.

ಕಾನೂನಿನ ಮಾತೂ ಒಂದಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿತು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನುತ್ತದೆ ನಿಯಮ. ಆ ಪಟ್ಟಿಯಲ್ಲಿ ಸ್ಟೇರಿಂಗ್ ವ್ಹೀಲ್ ಹೆಸರಿಲ್ಲ. ಸರ್ಕಾರವೂ ಹೊರಗೆ ನಿಂತೇ ನೋಡಿದೆ.

ಸರಿ, ಕೆಲಸಕ್ಕೆ ಬರೋಣ. ಬಿಚ್ಚುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿ ವೈರ್ ತೆಗೆಯಿರಿ, ಚಕ್ರ ನೇರ ಮಾಡಿ, ಹಾರ್ನ್ ಬಟನ್ ಬಿಚ್ಚಿ, ಶಾಫ್ಟಿಗೂ ಸ್ಟೇರಿಂಗಿಗೂ ಸೇರಿಸಿ ಒಂದು ಗುರುತು ಗೀಚಿ. ನಟ್ ಪೂರ್ತಿ ತೆಗೆಯಬೇಡಿ, ತುದಿಯಲ್ಲಿ ಎರಡು ಸುತ್ತು ಇರಲಿ. ಇಲ್ಲದಿದ್ದರೆ ಪುಲ್ಲರ್ ಅನ್ನುವ ಬಿಚ್ಚುವ ಸಾಧನ ಎಳೆದಾಗ ಸ್ಟೇರಿಂಗ್ ಎದ್ದು ಸೀದಾ ಮೂತಿಗೇ ಬರುತ್ತದೆ. ಶಾಫ್ಟಿನ ತಲೆಗೆ ಸುತ್ತಿಗೆಯಲ್ಲಿ ಹೊಡೆಯುವ ಮೆಕ್ಯಾನಿಕ್ ಸಿಕ್ಕರೆ ಅವನಿಗೆ ಕಾಫಿ ಕೊಟ್ಟು ಕಳಿಸಿ.

ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಉಕ್ಕನ್ನು. ಸ್ಪೋಕ್ ರಿಮ್ಮಿಗೆ ಸೇರುವ ಕಡೆ ಬೆಸುಗೆ ಬಿಟ್ಟಿದೆಯಾ, ಉಕ್ಕೇ ಸೀಳಿದೆಯಾ, ಬಳೆ ಸೊಟ್ಟಗಾಗಿದೆಯಾ? ಇದರಲ್ಲಿ ಒಂದಾದರೂ ಹೌದಾದರೆ ಆ ಸ್ಟೇರಿಂಗ್ ಗೋಡೆಗೆ ತೂಗುಹಾಕಲಿಕ್ಕೆ ಲಾಯಕ್ಕು, ಓಡಿಸಲಿಕ್ಕಲ್ಲ. ಪುಟ್ಟಿ ತುಂಬುವುದು ಪ್ಲಾಸ್ಟಿಕ್ಕಿನ ರಿಪೇರಿ. ಭಾರ ಹೊರುವುದು ಉಕ್ಕು. ಆ ಕಾಲದ ಈ ಕಾರುಗಳಲ್ಲಿ ಗುದ್ದಿದರೆ ಮಡಚಿಕೊಳ್ಳುವ ಸ್ಟೇರಿಂಗ್ ಕಾಲಮ್ ಇಲ್ಲ, ಏರ್‌ಬ್ಯಾಗ್ ಅಂತೂ ಇಲ್ಲವೇ ಇಲ್ಲ. ಇಲ್ಲಿ ಚೌಕಾಸಿ ಬೇಡ.

ಆಮೇಲೆ ತೊಳೆಯುವುದು. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಷ್. ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅರ್ಧ ಶತಮಾನದ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಕಡಲೆಕಾಯಿ ಸಿಪ್ಪೆ ಬಿಡಿಸಿದ ಕೈ, ಎಲ್ಲಾ ಅದರಲ್ಲಿದೆ. ಡ್ಯಾಶ್‌ಬೋರ್ಡ್ ಮಿಂಚಲಿ ಅಂತ ಯಾರಾದರೂ ಸಿಲಿಕೋನ್ ಪಾಲಿಶ್ ಒರೆಸಿದ್ದರೆ ಅದನ್ನೂ ತೆಗೆಯಬೇಕು. ಚೂರು ಉಳಿದರೂ ಪೇಂಟ್ ಆ ಜಾಗದಲ್ಲಿ ನಿಲ್ಲದೆ ಸಣ್ಣ ಸಣ್ಣ ಕುಳಿಯಾಗುತ್ತದೆ. ಆದರೆ ಅಸಿಟೋನ್ ಮಾತ್ರ ಸುರಿಯಬೇಡಿ. ಸೆಲ್ಯುಲೋಸ್ ಜಾತಿಯ ಪ್ಲಾಸ್ಟಿಕ್ ಆದರೆ ಕರಗಿ ಅಂಟಂಟಾಗುತ್ತದೆ.

ಇನ್ನು ಮುಂದಿನದು ಮನಸ್ಸಿಗೆ ಕಷ್ಟ. ಬಿರುಕನ್ನು ಮುಚ್ಚುವ ಮೊದಲು ದೊಡ್ಡದು ಮಾಡಬೇಕು. ಕೂದಲೆಳೆಯ ಸೀಳಿನೊಳಗೆ ಪುಟ್ಟಿ ಇಳಿಯುವುದಿಲ್ಲ. ಮೇಲೆ ಸವರಿದರೆ ಪೇಂಟ್ ಬಿದ್ದ ದಿನ ಚೆನ್ನಾಗಿ ಕಾಣುತ್ತದೆ, ಮುಂದಿನ ಚಳಿಗೆ ಅದೇ ಗೆರೆ ಮತ್ತೆ ಎದ್ದು ಬರುತ್ತದೆ. ಹಾಗಾಗಿ ಆಕ್ಸೋ ಬ್ಲೇಡು, ತ್ರಿಕೋನದ ಅರ ಹಿಡಿದು ಬಿರುಕಿನ ಉದ್ದಕ್ಕೂ ಇಳಿಜಾರು ಕಾಲುವೆ ತೋಡಬೇಕು, ಮೇಲೆ ಅಗಲ, ಕೆಳಗೆ ಕಿರಿದು. ದೊಡ್ಡ ಬಿರುಕಾದರೆ ಉಕ್ಕು ಮುಟ್ಟುವವರೆಗೆ. ಅರ್ಧಕ್ಕೇ ನಿಂತ ಬಿರುಕಾದರೆ ಅದರ ತುದಿಯಲ್ಲಿ ಸಣ್ಣ ಡ್ರಿಲ್ ಬಿಟ್ಟಿನಿಂದ ಒಂದು ತೂತು. ಚೂಪಾದ ತುದಿ ಇದ್ದರೆ ಬಿರುಕು ಮುಂದೆ ಓಡುತ್ತದೆ, ಗುಂಡಗಾದರೆ ಅಲ್ಲೇ ನಿಲ್ಲುತ್ತದೆ. ಒಳಗಿನ ತುಕ್ಕನ್ನು ಕೆರೆದು, ತುಕ್ಕು ನಿಲ್ಲಿಸುವ ಫಾಸ್ಪಾರಿಕ್ ಆಮ್ಲದ ದ್ರಾವಣ ಹಚ್ಚಿ, ಒರೆಸಿ ಒಣಗಿಸಬೇಕು.

ಈ ಹಂತದಲ್ಲಿ ಸ್ಟೇರಿಂಗ್ ನೋಡಿದರೆ ಅಳು ಬರುತ್ತದೆ. ಮನೆಯವರು ನೋಡದ ಹಾಗೆ ಇಡುವುದು ಒಳ್ಳೆಯದು. "ಸುಮ್ನೆ ಇದ್ದದ್ದನ್ನ ಕೆಡಿಸಿದ" ಅಂತ ಶುರುವಾಗುತ್ತದೆ.

ತುಂಬುವುದಕ್ಕೆ ಟಿಂಕರಿಂಗ್ ಶೆಡ್ಡಿನವರು ಬಾಡಿ ಪುಟ್ಟಿ ಕೊಡಲು ಬರುತ್ತಾರೆ. ಬೇಡ. ಅದು ತಗಡಿನ ಮೇಲೆ ತೆಳ್ಳಗೆ ಎಳೆಯಲು ಮಾಡಿದ್ದು. ಬಾಗುವ ರಿಮ್ಮಿನಲ್ಲಿ ದಪ್ಪಕ್ಕೆ ತುಂಬಿದರೆ ಬೇಗ ಸಿಡಿಯುತ್ತದೆ. ಇಲ್ಲಿ ಬೇಕಾದ್ದು ಎಪಾಕ್ಸಿ, ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು. ಅಮೆರಿಕದ ರಿಸ್ಟೋರೇಶನ್ ಮಂದಿ ಪಿಒಆರ್-15 ಕಂಪನಿಯ ಎಪಾಕ್ಸಿ ಪುಟ್ಟಿಯನ್ನು ದೇವರಂತೆ ನಂಬುತ್ತಾರೆ. ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಇದೆ, ಅರಾಲ್ಡೈಟ್ ಇದೆ. ಟ್ಯಾಂಕ್ ಸೋರಿಕೆಗೆ ಹಾಕುವ ಎಂ-ಸೀಲಾ ಅಂತ ಮೂಗು ಮುರಿಯಬೇಡಿ, ಜಾತಿ ಒಂದೇ. ಒಂದು ಮಾತು ಮಾತ್ರ: ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟಿಗಿಂತ ನಿಧಾನಕ್ಕೆ ಗಟ್ಟಿಯಾಗುವುದೇ ಬಲ. ನಾನು ಕಾಲುವೆಯ ಒಳಮೈಗೆ ನಿಧಾನದ ಅರಾಲ್ಡೈಟ್ ತೆಳುವಾಗಿ ಸವರಿ, ಅದು ಹಸಿಯಿರುವಾಗಲೇ ಪುಟ್ಟಿ ಒತ್ತಿದೆ. ಎರಡು ಉಂಡೆಗಳನ್ನು ಒಂದೇ ಬಣ್ಣ ಬರುವವರೆಗೆ ನಾದಬೇಕು. ಒಂದು ಗೆರೆ ಉಳಿದರೂ ಆ ಭಾಗ ಮೆತ್ತಗೇ ಇರುತ್ತದೆ. ಕೈಗೆ ಗ್ಲೌಸ್ ಇರಲಿ, ಎಪಾಕ್ಸಿ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಯಾವಾಗ ತುಂಬಬೇಕು? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಮುಖ್ಯ ಅನಿಸಿದ್ದು ಇದೇ. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. ಬಿಸಿಯಲ್ಲಿ ಪ್ಲಾಸ್ಟಿಕ್ ಹಿಗ್ಗಿ ಬಿರುಕು ಕಿರಿದಾಗಿರುತ್ತದೆ. ಚಳಿಯಲ್ಲಿ ಕುಗ್ಗಿ ಬಿರುಕು ಅಗಲವಾಗಿರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿದರೆ ರಾತ್ರಿ ಆದಕೂಡಲೇ ಹಳೇ ಪ್ಲಾಸ್ಟಿಕ್ ಪುಟ್ಟಿಯನ್ನು ಎರಡೂ ಕಡೆಯಿಂದ ಎಳೆಯಲು ಶುರುಮಾಡುತ್ತದೆ. ಚಳಿಯಲ್ಲಿ, ಬಿರುಕು ಅಗಲವಾಗಿರುವಾಗಲೇ ತುಂಬಿದರೆ ಆಮೇಲೆ ಏನಾದರೂ ಬಿಸಿಯೇರಿ ಒತ್ತುತ್ತದೆಯೇ ಹೊರತು ಎಳೆಯುವುದು ಕಡಿಮೆ. ಪೆಡಸಾದ ಪ್ಲಾಸ್ಟಿಕ್ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಹಾಗಾಗಿ ಡಿಸೆಂಬರಿನ ಬೆಳಗ್ಗೆ, ಸ್ವೆಟರ್ ಹಾಕಿಕೊಂಡು, ರಾತ್ರಿಯೆಲ್ಲಾ ಹೊರಗಿಟ್ಟ ಸ್ಟೇರಿಂಗಿಗೆ ಪುಟ್ಟಿ ತುಂಬಿದೆ. ಮೈಸೂರಿನ ಚಳಿಗೆ ಎಪಾಕ್ಸಿ ನಿಧಾನವಾಗಿ ಗಟ್ಟಿಯಾಯಿತು. ಆಗಲಿ, ಯಾರಿಗೆ ಅವಸರ? ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಂಡರೆ ಇನ್ನೊಂದು ಕಾಟ. ತೇವಕ್ಕೆ ಎಪಾಕ್ಸಿ ಮೇಲೆ ಮೇಣದಂಥ ಅಂಟು ಪದರ ಬರುತ್ತದೆ. ತೊಳೆಯದೆ ಉಜ್ಜಿದರೆ ಉಪ್ಪುಕಾಗದವೆಲ್ಲಾ ಮೆತ್ತಿಕೊಂಡು ಹಾಳು.

ಪುಟ್ಟಿಯನ್ನು ರಿಮ್ಮಿಗಿಂತ ಸ್ವಲ್ಪ ಉಬ್ಬಿಸಿಯೇ ತುಂಬಬೇಕು. ಉಬ್ಬಿದ್ದನ್ನು ತೆಗೆಯಬಹುದು, ತಗ್ಗಿದ್ದನ್ನು ಎತ್ತಲು ಮತ್ತೆ ಪುಟ್ಟಿಯೇ ಬೇಕು.

ಇನ್ನು ಉಜ್ಜುವುದು. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಇದೇ, ನನಗೆ ಹೆಚ್ಚು ಇಷ್ಟವಾದದ್ದೂ ಇದೇ. ಉಬ್ಬನ್ನು ಮೊದಲು ಅರದಲ್ಲಿ ಇಳಿಸಿ, ಆಮೇಲೆ 80 ನಂಬರಿನ ಉಪ್ಪುಕಾಗದ. ಕಾಗದವನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಎರಡು ತುದಿ ಹಿಡಿದು, ಬೂಟು ಪಾಲಿಶ್ ಮಾಡುವವರು ಬಟ್ಟೆ ಎಳೆಯುವ ಹಾಗೆ ರಿಮ್ ಸುತ್ತ ಎಳೆಯಬೇಕು. ಆಗ ಗುಂಡು ಗುಂಡಾಗೇ ಉಳಿಯುತ್ತದೆ. ಬರೀ ಬೆರಳಲ್ಲಿ ಒತ್ತಿ ಉಜ್ಜಿದರೆ ಚಪ್ಪಟೆಯಾಗುತ್ತದೆ. ಅದು ಕಣ್ಣಿಗೆ ತಿಳಿಯುವುದು ಪೇಂಟ್ ಹೊಡೆದ ಮೇಲೆ, ಆಗ ತುಂಬಾ ತಡ. ಹಿಂಭಾಗದಲ್ಲಿ ಬೆರಳು ಕೂರಲು ಅಲೆ ಅಲೆ ತಗ್ಗುಗಳಿವೆಯಲ್ಲ, ಅಲ್ಲಿಗೆ ಪೆನ್ಸಿಲಿಗೆ ಕಾಗದ ಸುತ್ತಿಕೊಂಡು ಒಂದೊಂದನ್ನೇ ತೀಡಬೇಕು. ಆಮೇಲೆ 120, 180, 240, 320, ನಂಬರ್ ಏರಿದಷ್ಟೂ ಕಾಗದ ನಯ. ನಂಬರ್ ಬಿಟ್ಟು ಹಾರಿದರೆ ಹಿಂದಿನ ಕಾಗದದ ಗೀರು ಉಳಿಯುತ್ತದೆ. 400ರಿಂದ ಮೇಲೆ ವಾಟರ್ ಪೇಪರ್, ನೀರು ಹಾಕಿ.

ಸಮ ಆಯಿತೋ ಇಲ್ಲವೋ ಅನ್ನುವುದನ್ನು ಕಣ್ಣು ಹೇಳಲಾರದು. ಪುಟ್ಟಿ ಒಂದು ಬಣ್ಣ, ಪ್ಲಾಸ್ಟಿಕ್ ಇನ್ನೊಂದು. ಎರಡರ ನಡುವೆ ಗೆರೆ ಕಾಣುತ್ತಲೇ ಇರುತ್ತದೆ, ಮಟ್ಟ ಸರಿಯಿದ್ದರೂ ಸರಿಯಿಲ್ಲ ಅನ್ನಿಸುತ್ತದೆ. ನಮ್ಮ ಬೀದಿಯ ಕೊನೆಯ ಶೆಡ್ಡಿನಲ್ಲಿರುವ ವಯಸ್ಸಾದ ಪೇಂಟರ್ ಒಬ್ಬರು ಇದನ್ನು ನೋಡಿ ನಕ್ಕರು. ಹೆಗಲ ಮೇಲಿದ್ದ ತೆಳು ಪಂಚೆ ಬಟ್ಟೆಯನ್ನು ರಿಮ್ ಮೇಲೆ ಹರಡಿ, ಅದರ ಮೇಲೆ ಮೂರು ಬೆರಳಿಟ್ಟು, ಬೇರೆ ಕಡೆ ನೋಡುತ್ತಾ ನಿಧಾನವಾಗಿ ಜಾರಿಸಿದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ" ಅಂದರು. ನನಗೆ ಏನೂ ಕಂಡಿರಲಿಲ್ಲ. ಬಟ್ಟೆಯಿಂದಾಗಿ ಬೆರಳು ತಡೆಯಿಲ್ಲದೆ ಜಾರುತ್ತದೆ, ಏರುತಗ್ಗು ಮಾತ್ರ ತಿಳಿಯುತ್ತದೆ. ಬರೀ ಚರ್ಮವಾದರೆ ಅದರ ಅಂಟೇ ಗಲಿಬಿಲಿ ಮಾಡುತ್ತದೆ. ಅಲ್ಲಿಂದ ಮುಂದೆ ನಾನೂ ಕಣ್ಣು ಮುಚ್ಚಿಕೊಂಡೇ ನೋಡಿದ್ದು. ಕೊನೆಗೆ ಓಡಿಸುವಾಗಲೂ ಇದನ್ನು ನೋಡುವುದು ಕೈಯೇ ಅಲ್ವಾ? ಕಣ್ಣು ರಸ್ತೆಯ ಮೇಲಿರಬೇಕು.

ಆದ್ದರಿಂದಲೇ ನನಗೆ ಫೋಟೋ ನೋಡಿ ರಿಪೇರಿಯನ್ನು ಹೊಗಳುವುದರಲ್ಲಿ ನಂಬಿಕೆ ಇಲ್ಲ. ಕನ್ನಡಿಯಂತೆ ಹೊಳೆಯುವ ಸ್ಟೇರಿಂಗುಗಳನ್ನು ಪ್ರದರ್ಶನಗಳಲ್ಲಿ ಹಿಡಿದು ನೋಡಿದ್ದೇನೆ, ಮಾಲೀಕರ ಅನುಮತಿ ಪಡೆದೇ. ಕೆಲವು ಸೊಗಸಾಗಿದ್ದವು. ಕೆಲವು ಎಡಗೈಗೆ ಒಂದು ದಪ್ಪ, ಬಲಗೈಗೆ ಇನ್ನೊಂದು ದಪ್ಪ. ಅವು ಓಡುವ ಕಾರಿನವಲ್ಲ, ನಿಲ್ಲುವ ಕಾರಿನವು.

ಪ್ರೈಮರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ದಪ್ಪ ಕೂರುವ ಪ್ರೈಮರ್. ಅದು ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಧೂಳಿನಂತೆ ಹಾರಿಸಿ ಮತ್ತೆ ಉಜ್ಜಬೇಕು. ತಗ್ಗಿದ್ದಲ್ಲಿ ಕಪ್ಪು ಉಳಿಯುತ್ತದೆ. ಬೆರಳಿಗೆ ತಪ್ಪಿಸಿಕೊಂಡ ಸೂಜಿ ತೂತುಗಳು ಇಲ್ಲಿ ಸಿಗುತ್ತವೆ.

ಬಣ್ಣದ ವಿಷಯ ಅಷ್ಟು ಸುಲಭ ಅಲ್ಲ. ದಂತದ ಬಣ್ಣ ಅಂತ ಬಾಯಲ್ಲಿ ಹೇಳಿಬಿಡುತ್ತೇವೆ. ಹಾರ್ನ್ ಬಟನ್ ಕೆಳಗೆ, ಬಿಸಿಲೇ ಕಾಣದ ಜಾಗದಲ್ಲಿ ಉಳಿದಿದ್ದ ಮೂಲ ಬಣ್ಣ ನೋಡಿದೆ. ಅದು ಮಜ್ಜಿಗೆಯ ಬಿಳುಪು. ಗೇರ್ ಲಿವರಿನ ಗುಂಡು ಹಿಡಿಕೆ, ಇಂಡಿಕೇಟರ್ ಕಡ್ಡಿಯ ತುದಿ ನೋಡಿದರೆ ಅವು ಹಳದಿಗೆ ತಿರುಗಿವೆ. ಕಾರ್ಖಾನೆಯಿಂದ ಬಂದಾಗ ಇವೆಲ್ಲಾ ಒಂದೇ ಬಣ್ಣ ಇದ್ದಿರಬೇಕು. ಈಗ ಯಾವುದಕ್ಕೆ ಹೊಂದಿಸುವುದು? ಮೂಲವೇ ಬೇಕು ಅನ್ನುವವರು ಮಜ್ಜಿಗೆ ಬಿಳುಪನ್ನೇ ಹೊಡೆಯುತ್ತಾರೆ. ಅದು ತಪ್ಪಲ್ಲ. ಆದರೆ ಹಾಗೆ ಮಾಡಿದರೆ ಪಕ್ಕದಲ್ಲಿರುವ ಗೇರ್ ಹಿಡಿಕೆ ಕೊಳಕಾಗಿ ಕಾಣುತ್ತದೆ, ಅದಕ್ಕೂ ಪೇಂಟ್ ಬೇಕಾಗುತ್ತದೆ. ಆಮೇಲೆ ಇಂಡಿಕೇಟರ್ ಕಡ್ಡಿ, ಆಮೇಲೆ ಡ್ಯಾಶ್‌ಬೋರ್ಡಿನ ಗುಂಡಿಗಳು. ಒಂದನ್ನು ಹೊಸದು ಮಾಡಿದರೆ ಊರೆಲ್ಲಾ ಹೊಸದಾಗಬೇಕು. ನಾನು ಗೇರ್ ಹಿಡಿಕೆಯನ್ನು ಬಿಚ್ಚಿಕೊಂಡು ಪೇಂಟರ್ ಹತ್ತಿರ ಹೋದೆ, ಈ ಹಳದಿಗೇ ಹೊಂದಿಸಿ ಅಂದೆ.

ಅವರಿಗೆ ಕಂಪ್ಯೂಟರ್ ಮ್ಯಾಚಿಂಗ್ ಬೇಕಿರಲಿಲ್ಲ. ಬಿಳಿ ಡಬ್ಬಕ್ಕೆ ಹಳದಿಯ ಕೆಲವು ಹನಿ, ಆಮೇಲೆ ಕಡ್ಡಿಯ ತುದಿಯಲ್ಲಿ ಕಪ್ಪು, ಆಮೇಲೆ ಚಿಟಿಕೆ ಕೆಂಪು. ಪ್ರತಿ ಸಲವೂ ತಗಡಿನ ತುಂಡಿಗೆ ಹಚ್ಚಿ, ಒಣಗಿಸಿ, ಬಾಗಿಲ ಹೊರಗೆ ಹೋಗಿ ಬೆಳಕಿಗೆ ಹಿಡಿಯುತ್ತಿದ್ದರು. ಹಸಿ ಪೇಂಟ್ ಒಂದು ಬಣ್ಣ, ಒಣಗಿದರೆ ಇನ್ನೊಂದು. ಟ್ಯೂಬ್‌ಲೈಟ್ ಕೆಳಗೆ ಹೊಂದಿದ್ದು ಬಿಸಿಲಿಗೆ ಬಂದರೆ ಹಸಿರು ಹೊಡೆಯುತ್ತದೆ. ಕಪ್ಪು ಯಾಕೆ ಅಂದೆ. "ಬರೀ ಹಳದಿ ಹಾಕಿದ್ರೆ ಬೆಣ್ಣೆ ಆಗತ್ತೆ ಸಾರ್. ಹಳೇದು ಅಂದ್ರೆ ಒಂಚೂರು ಮಾಸಬೇಕು" ಅಂದರು.

ಕೊನೆಯ ಕೋಟಿಗೆ ಎರಡು ಡಬ್ಬದ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದದ್ದು, ಪೇಂಟಿಗೆ ಹಾರ್ಡನರ್ ಬೆರೆಸುವಂಥದ್ದು. ಬೆವರು, ಸ್ಯಾನಿಟೈಜರ್, ಉಗುರು, ಉಂಗುರ ಎಲ್ಲವನ್ನೂ ತಡೆಯುವ ಗಟ್ಟಿ ಪೇಂಟ್ ಬೇಕು. ಆದರೆ ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಒಗ್ಗದಿದ್ದರೆ ಜೀವನವಿಡೀ ಉಬ್ಬಸ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವುದು ನಮ್ಮ ಶೆಡ್ಡುಗಳಲ್ಲಿ ಮಾಮೂಲು. ಕರ್ಚೀಫ್ ಧೂಳನ್ನು ಅಷ್ಟಿಷ್ಟು ತಡೆಯಬಹುದು, ಇದನ್ನಲ್ಲ. ನಾನು ಕೊಂಡುಹೋಗಿ ಕೊಟ್ಟ ಫಿಲ್ಟರ್ ಮಾಸ್ಕನ್ನು ಪೇಂಟರ್ ನನ್ನ ಸಮಾಧಾನಕ್ಕೆ ಹಾಕಿಕೊಂಡರು. ಆಮೇಲೂ ಹಾಕುತ್ತಿದ್ದಾರೋ ಏನೋ, ಕೇಳಿದರೆ ನಗುತ್ತಾರೆ. ಮನೆಯಲ್ಲೇ ಮಾಡುವವರು ಈ ಒಂದು ಕೆಲಸವನ್ನು ಸರಿಯಾದ ಮಾಸ್ಕ್ ಇಲ್ಲದೆ ಮಾಡಲೇಬೇಡಿ.

ಸ್ಟೇರಿಂಗನ್ನು ನಡುವಿನ ತೂತಿಗೆ ತಂತಿ ಹಾಕಿ ತೂಗುಬಿಟ್ಟು, ತಿರುಗಿಸುತ್ತಾ ತೆಳು ತೆಳು ಕೋಟು ಹೊಡೆದರು. ಹೊಳಪು ಸ್ವಲ್ಪ ತಗ್ಗಿಸಿ ಅಂತ ಮೊದಲೇ ಹೇಳಿದ್ದೆ. ಹಳೇ ಪ್ಲಾಸ್ಟಿಕ್ ಅಷ್ಟು ಮಿಂಚುವುದಿಲ್ಲ, ಬಿಸಿಲಿನ ಝಳಪು ಕಣ್ಣಿಗೂ ಹೊಡೆಯಬಾರದು. ಎಲ್ಲಿಂದಲೋ ಒಂದು ಸೊಳ್ಳೆ ಬಂದು ಸ್ಪೋಕ್ ಮೇಲೆ ಕೂತು ಅಲ್ಲೇ ಸತ್ತಿತು. ಒಣಗಿದ ಮೇಲೆ ಸೊಳ್ಳೆಯನ್ನು ತೆಗೆದದ್ದಾಯಿತು. ಒಂದು ಕಾಲಿನ ಗುರುತು ಇನ್ನೂ ಇದೆ, ಹುಡುಕಿದರೆ ಸಿಗುತ್ತದೆ.

ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪೇಂಟ್ ಪೂರ್ತಿ ಗಟ್ಟಿಯಾಗಿರುವುದಿಲ್ಲ. ವಾರಗಳು ಬಿಟ್ಟು ಜೋಡಿಸುವುದು ಒಳ್ಳೆಯದು. ಜೋಡಿಸುವಾಗ ಗೀಚಿದ ಗುರುತಿಗೆ ಗುರುತು ಸೇರಿಸಿ, ಹಾರ್ನ್ ಸ್ಪ್ರಿಂಗ್ ಅದರ ಜಾಗದಲ್ಲಿ ಕೂರಿಸಿ, ನಟ್ ಬಿಗಿ ಮಾಡಿ. ಮೊದಲ ಸಲ ಬ್ಯಾಟರಿ ಕೊಟ್ಟಾಗ ನಮ್ಮ ಹಾರ್ನ್ ತಾನಾಗೇ ಕೂಗಿಕೊಂಡಿತು. ಕ್ರೋಮ್ ರಿಂಗ್ ಹೊಸ ಪೇಂಟಿನ ದಪ್ಪಕ್ಕೆ ಒತ್ತಿಕೊಂಡಿತ್ತು. ಅಂಚನ್ನು ಚೂರು ಕೆರೆದ ಮೇಲೆ ಸುಮ್ಮನಾಯಿತು. ಪಕ್ಕದ ಮನೆಯವರು ಮಾತ್ರ ಹೊರಗೆ ಬಂದು ನೋಡಿ ಹೋದರು.

ಈಗ ಹೇಗಿದೆ? ಎರಡನೇ ಚಳಿಗಾಲ ನಡೆಯುತ್ತಿದೆ. ತುಂಬಿದ ಬಿರುಕುಗಳು ಒಂದೂ ಬಾಯಿ ಬಿಟ್ಟಿಲ್ಲ. ಆದರೆ ಮೊನ್ನೆ ಬೆಳಗ್ಗೆ ಬಲಗಡೆಯ ಸ್ಪೋಕಿನಿಂದ ಒಂದು ಗೇಣು ಮೇಲೆ, ಪುಟ್ಟಿಯೇ ಇಲ್ಲದ ಹಳೇ ಪ್ಲಾಸ್ಟಿಕ್ಕಿನಲ್ಲಿ, ಹೆಬ್ಬೆರಳಿಗೆ ಏನೋ ತಗುಲಿತು. ಟಾರ್ಚ್ ಹಾಕಿ ನೋಡಿದೆ, ಕಾಣಲಿಲ್ಲ. ಬಟ್ಟೆ ಹಾಕಿ ಜಾರಿಸಿದೆ, ಇದೆ. ಉಕ್ಕು ಪ್ಲಾಸ್ಟಿಕ್ಕುಗಳ ಜಗ್ಗಾಟ ನಿಂತಿಲ್ಲವಲ್ಲ, ಒಂದು ಕಡೆ ಗಟ್ಟಿ ಮಾಡಿದರೆ ಅದು ಮುಂದಿನ ಸಡಿಲು ಜಾಗ ಹುಡುಕುತ್ತದೆ. ಇದು ಇನ್ನೂ ಮೇಲ್ಮೈಯಲ್ಲೇ ಇದೆ, ಆಳಕ್ಕೆ ಹೋಗಿಲ್ಲ. ಮುಂದಿನ ಡಿಸೆಂಬರಿನವರೆಗೆ ನೋಡಿಕೊಂಡು ಓಡಿಸುತ್ತೇನೆ. ಹಳದಿ ಬಣ್ಣದ ಉಳಿದ ಡಬ್ಬ ಪೇಂಟರ್ ಶೆಡ್ಡಿನಲ್ಲೇ ಇದೆ, ಮುಚ್ಚಳದ ಮೇಲೆ ಕಾರಿನ ನಂಬರ್ ಬರೆಸಿದ್ದೇನೆ. ಅದಕ್ಕೂ ಮೊದಲು ಗೇರ್ ಲಿವರಿನ ಬುಷ್ ನೋಡಬೇಕು. ಎರಡನೇ ಗೇರು ಹುಡುಕುವುದೇ ಈಗ ದೊಡ್ಡ ಕೆಲಸವಾಗಿದೆ.